ಅಜ್ಜಿ ಘಾಟಿ ಇಳಿದು ಬಂದ ದಿನ

ನನ್ನ ಪದವಿಪ್ರದಾನದ ಫೋಟೋ ನಮ್ಮ ನಡುಮನೆಯ ಗೋಡೆಯಲ್ಲಿದೆ. ಕಪ್ಪು ಗೌನು, ತಲೆಗೆ ಸರಿಯಾಗಿ ಕೂರದ ಟೋಪಿ, ಬಲವಂತದ ಒಂದು ನಗು. ಮನೆಗೆ ಬಂದವರೆಲ್ಲ ಅದನ್ನು ನೋಡಿ ಆ ದಿನ ಹೇಗಿತ್ತು ಅಂತ ಕೇಳುತ್ತಾರೆ. ಆ ದಿನದ್ದು ನನಗೆ ಹೆಚ್ಚೇನೂ ನೆನಪಿಲ್ಲ. ದೊಡ್ಡ ಸಭಾಂಗಣ, ಉದ್ದದ ಸಾಲು, ಯಾರೋ ನನ್ನ ಹೆಸರನ್ನು ತಪ್ಪಾಗಿ ಕೂಗಿದ್ದು, ಅಷ್ಟೆ. ನೆನಪಿರುವುದು ಅದಕ್ಕೆ ಒಂದು ವಾರ ಮೊದಲು ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ನಡೆದ ಸಣ್ಣ ಹಬ್ಬ.

ನಮ್ಮದು ತಿಗನಾರೆ. ತಾಳವಾಡಿ ಬೆಟ್ಟದ ಮೇಲಿನ ಊರು. ಸರ್ಕಾರದ ಲೆಕ್ಕದಲ್ಲಿ ಈರೋಡ್ ಜಿಲ್ಲೆ, ತಮಿಳುನಾಡು. ಮನೆಯಲ್ಲಿ, ಹೊಲದಲ್ಲಿ, ದೇವರ ಮುಂದೆ ಆಡುವ ಮಾತು ಕನ್ನಡ. ಹತ್ತನೇ ತರಗತಿಯವರೆಗೆ ನಾನು ಕನ್ನಡದಲ್ಲೇ ಓದಿದೆ. ಆಮೇಲೆ ಘಾಟಿ ಇಳಿದು ಬಯಲುಸೀಮೆಗೆ ಬಂದು, ತಮಿಳನ್ನೂ ಇಂಗ್ಲಿಷನ್ನೂ ಒಟ್ಟಿಗೇ ಕಲಿಯುತ್ತ, ಎರಡರಲ್ಲೂ ತಡವರಿಸುತ್ತ, ಹೇಗೋ ಎಂ.ಎಸ್ಸಿ.ವರೆಗೆ ಬಂದೆ. ಕೊಯಮತ್ತೂರಿನ ಕಡೆಯ ನಮ್ಮ ವಿಶ್ವವಿದ್ಯಾಲಯದಲ್ಲಿ ನಾನು ಎಲ್ಲರಿಗೂ 'ಕರ್ನಾಟಕದ ಹುಡುಗಿ'. ಚಾಮರಾಜನಗರದ ನೆಂಟರ ಮದುವೆಗೆ ಹೋದರೆ 'ತಮಿಳ್ನಾಡೋರ ಕೂಸು'. ಎರಡಕ್ಕೂ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಒಳಗೆ ಮಾತ್ರ ಯಾವಾಗಲೂ ಸ್ವಲ್ಪ ಚುಚ್ಚುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರಿಗೆ ನಿವೃತ್ತಿ ಹತ್ತಿರವಾಗಿತ್ತು. ಮೇಡಂ ಅಂತಲೇ ನಾವೆಲ್ಲ ಕರೆಯುತ್ತಿದ್ದುದು. ಅವರೇ ಈ ಹಬ್ಬವನ್ನು ಶುರು ಮಾಡಿದ್ದು. "ಗೌನು ಹಾಕಿಕೊಂಡರೆ ಎಲ್ಲರೂ ಒಂದೇ ಥರ ಕಾಣುತ್ತೀರಿ. ಅದಕ್ಕೆ ಮೊದಲು ಒಂದು ದಿನ ನಿಮ್ಮ ನಿಮ್ಮ ಮನೆಯವರಾಗಿ ಬನ್ನಿ" ಅಂದಿದ್ದರು. ಪ್ರತಿಯೊಬ್ಬರೂ ತಮ್ಮ ಊರಿನ ಉಡುಪಿನಲ್ಲಿ ಬರಬೇಕು. ಮನೆಯ ಹಿರಿಯರೊಬ್ಬರು ವೇದಿಕೆಗೆ ಬಂದು, ಮನೆಯಿಂದ ತಂದ ಒಂದು ಬಟ್ಟೆಯನ್ನು ಹೆಗಲಿಗೆ ಹೊದಿಸಿ, ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಬೇಕು. ಅದೇ ಕಾರ್ಯಕ್ರಮ. ಆಮೇಲೆ ಎಲೆ ಊಟ.

ತರಗತಿಯಲ್ಲಿ ನೀಲಗಿರಿಯ ಬಡಗರ ಹುಡುಗಿಯಿದ್ದಳು, ಮನೆಯಲ್ಲಿ ಸೌರಾಷ್ಟ್ರ ಭಾಷೆ ಆಡುವ ಮಧುರೆಯ ಹುಡುಗನಿದ್ದ, ಮಣಿಪುರದಿಂದ ಬಂದವನೊಬ್ಬನಿದ್ದ. ನನ್ನ ಕೋಣೆಯ ಗೆಳತಿ ತಂಜಾವೂರು ಕಡೆಯವಳು. ಎಲ್ಲರಿಗೂ ಏನು ಉಡಬೇಕು, ಯಾರು ಬರಬೇಕು ಅನ್ನುವುದು ಥಟ್ಟನೆ ಹೊಳೆಯಿತು. ನನಗೆ ಮಾತ್ರ ಏನೂ ಹೊಳೆಯಲಿಲ್ಲ.

ಏರ್ಪಾಡು ನೋಡಿಕೊಳ್ಳುತ್ತಿದ್ದವನು ನಮ್ಮ ತರಗತಿಯ ಪ್ರತಿನಿಧಿ. ಈರೋಡ್ ಪಟ್ಟಣದವನು, ಒಳ್ಳೆಯ ಮನಸ್ಸಿನ ಗಡಿಬಿಡಿ ಹುಡುಗ. ಕ್ಯಾಂಟೀನಿನಲ್ಲಿ ಸಿಕ್ಕವನೇ ತಮಿಳಿನಲ್ಲಿ ಹೇಳಿದ: "ನಿನ್ನದು ಸುಲಭ. ಮೈಸೂರು ಪೇಟ ಒಂದು ತರಿಸು. ಹಿಂದೆ ಪರದೆಗೆ ಅರಮನೆ ಫೋಟೋ ಹಾಕುತ್ತೇವೆ."

"ನಾವು ಮೈಸೂರಿನವರಲ್ಲ" ಅಂದೆ. "ನಂದೂ ನಿನ್ನ ಜಿಲ್ಲೆನೇ."

ಅವನು ಒಂದು ಕ್ಷಣ ಯೋಚಿಸಿದ. "ಹಾಗಾದರೆ ನಮ್ಮ ಜೊತೆಗೇ ಬಂದುಬಿಡು. ಈ ಬಯಲಿನ ಕೊಂಗು ಕಡೆಯವರ ಗುಂಪಿನಲ್ಲಿ ನಿಲ್ಲು."

"ನಾವು ಕೊಂಗು ಕಡೆಯವರೂ ಅಲ್ಲ."

"ಮತ್ತೆ ಯಾವ ಕಡೆಯವರು?" ಅಂದ. ಕೊಂಕಿನಿಂದ ಕೇಳಿದ ಪ್ರಶ್ನೆಯಲ್ಲ ಅದು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚಹಾ ಲೋಟ ಎತ್ತಿಕೊಂಡು ಎದ್ದು ಬಂದೆ.

ಆ ಸಂಜೆ ಊರಿಗೆ ಫೋನು ಮಾಡಿ ಅಪ್ಪನಿಗೆ ವಿಷಯ ಹೇಳಿದೆ. ಒಂದು ರೇಷ್ಮೆ ಶಲ್ಯ ತರಬೇಕು, ಚಾಮರಾಜನಗರದಲ್ಲಿ ಸಿಗುತ್ತದೆ, ಅಂಚು ಅಗಲವಿರಲಿ ಅಂದೆ. ಪೇಟಕ್ಕಿಂತ ಅದು ವಾಸಿ ಅನ್ನಿಸಿತ್ತು. ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಅಪ್ಪ ಎಲ್ಲದಕ್ಕೂ ಹೂಂಗುಟ್ಟಿದರು. ಆಮೇಲೆ, "ನಿಮ್ಮಜ್ಜಿ ಬತ್ತಾಳಂತೆ ಕಣವ್ವ" ಅಂದರು.

"ಅಜ್ಜಿನಾ? ಅಷ್ಟು ದೂರ ಬಸ್ಸಲ್ಲಿ ಎಂಗ್ ಬತ್ತಾಳೆ?"

ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಕಾಲಿಲ್ವಾ ನಂಗೆ? ಬತ್ತೀನಿ ಅನ್ನು."

ಅವ್ವ ಬರುವ ಹಾಗಿರಲಿಲ್ಲ. ಹೊಲದಲ್ಲಿ ಕೋಸು ಕಟಾವಿಗೆ ಬಂದಿತ್ತು. ಕಾಡುಹಂದಿ ಹಗಲಲ್ಲೇ ನುಗ್ಗುತ್ತಿದ್ದ ದಿನಗಳವು. ದನಕರುವನ್ನೂ ನೋಡಿಕೊಳ್ಳಲು ಒಬ್ಬರಾದರೂ ಮನೆಯಲ್ಲಿರಬೇಕಿತ್ತು. ಹಿಂದಿನ ದಿನವೇ ಹೊರಟು ಬಂದುಬಿಡಿ ಅಂತ ಬೇಡಿಕೊಂಡೆ. ಅದೂ ಆಗಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹತ್ತಿದರೆ ತಾಳಮಲೆ ಕಾಡು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಾಯಿಸಿ, ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತೇವೆ ಅಂದರು ಅಪ್ಪ.

ನನಗೆ ಅಜ್ಜಿಯದೇ ಚಿಂತೆಯಾಯಿತು. ಹಣೆ ತುಂಬ ವಿಭೂತಿ, ಕತ್ತಿನಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಎಲೆಯಡಿಕೆ, ಜೋರು ದನಿ. ಅವಳು ವೇದಿಕೆಯ ಮೇಲೆ ಏನು ಹೇಳುತ್ತಾಳೋ, ಅದನ್ನು ನಾನು ತಮಿಳಿಗೆ ಹೇಗೆ ತಿರುಗಿಸಲೋ ಅಂತ ಮನಸ್ಸಿನಲ್ಲೇ ಅಭ್ಯಾಸ ಮಾಡತೊಡಗಿದೆ.

ಹಬ್ಬದ ದಿನ ಬೆಳಿಗ್ಗೆ ಅಪ್ಪ ಬಸ್ಸಿನಿಂದಲೇ ಫೋನು ಮಾಡಿದರು. "ಬಸ್ಸತ್ತುದ್ವಿ ಕಣವ್ವ. ಮುಂದ್ಗಡೆ ಸೀಟೇ ಸಿಕ್ತು." ಅಷ್ಟು ಹೇಳುವಷ್ಟರಲ್ಲಿ ಬಸ್ಸು ಕಾಡಿಗೆ ಹೊಕ್ಕು ಫೋನು ಕಟ್ಟಾಯಿತು. ತಾಳಮಲೆ ಕಡೆ ಸಿಗ್ನಲ್ ಇರುವುದಿಲ್ಲ, ಅದು ಗೊತ್ತಿದ್ದದ್ದೇ. ನಾನು ಅವ್ವನ ಕೈಮಗ್ಗದ ಸೀರೆ ಉಟ್ಟುಕೊಂಡು ತಯಾರಾದೆ. ಗೆಳತಿಯ ತಾಯಿ ಹಿಂದಿನ ದಿನವೇ ತಂಜಾವೂರಿನಿಂದ ಬಂದು ಪಕ್ಕದ ಬೀದಿಯ ಲಾಡ್ಜಿನಲ್ಲಿ ಉಳಿದಿದ್ದರು. ಅವರೇ ಹಾಸ್ಟೆಲಿಗೆ ಬಂದು ನನ್ನ ನೆರಿಗೆ ಸರಿಪಡಿಸಿ ಮಲ್ಲಿಗೆ ಮುಡಿಸಿದರು.

ಸಭಾಂಗಣ ತುಂಬಿತ್ತು. ಬಡಗರ ಹುಡುಗಿಯ ಮನೆಯವರು ಬೆಳ್ಳಗಿನ ಸೀರೆ, ಬೆಳ್ಳಗಿನ ತಲೆವಸ್ತ್ರದಲ್ಲಿ ಒಂದು ಸಾಲು ಪೂರ್ತಿ ಕುಳಿತಿದ್ದರು. ಮಣಿಪುರದ ಹುಡುಗನ ಚಿಕ್ಕಪ್ಪ ಮೂರು ದಿನ ರೈಲಿನಲ್ಲಿ ಕುಳಿತು ಬಂದಿದ್ದರು. ನನ್ನ ಪಕ್ಕದ ಎರಡು ಕುರ್ಚಿಗಳ ಮೇಲೆ ನಾನು ಕರವಸ್ತ್ರವನ್ನೂ ನೀರಿನ ಬಾಟಲಿಯನ್ನೂ ಇಟ್ಟು ಜಾಗ ಹಿಡಿದಿದ್ದೆ.

ಸತ್ಯಮಂಗಲ ತಲುಪಿದ ಕೂಡಲೇ ಅಪ್ಪ ಫೋನು ಮಾಡಬೇಕಿತ್ತು. ಬರಲಿಲ್ಲ. ನಾನೇ ಮಾಡಿದೆ. ವ್ಯಾಪ್ತಿಯ ಹೊರಗಿದ್ದಾರೆ ಅಂತ ಹೆಣ್ಣು ದನಿಯೊಂದು ತಮಿಳಿನಲ್ಲಿ ಹೇಳಿತು. ಮತ್ತೆ ಮಾಡಿದೆ, ಅದೇ ದನಿ, ಅದೇ ಮಾತು. ವೇದಿಕೆಯ ಮೇಲೆ ದೀಪ ಹಚ್ಚಿದರು. ಮೊದಲ ಹುಡುಗಿಯ ಹೆಸರು ಕೂಗಿದರು. ಅವಳ ಅಜ್ಜ ಬಟ್ಟೆ ಹೊದಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣು ಮಾತ್ರ ಬಾಗಿಲ ಕಡೆಗಿತ್ತು.

ಆಗ ಗೆಳತಿ ತನ್ನ ಫೋನನ್ನು ನೋಡಿ, ಅದನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡಳು. ಅವಳ ಮುಖ ನೋಡಿಯೇ ನನಗೆ ಏನೋ ಆಗಿದೆ ಅನ್ನಿಸಿತು. "ಏನು?" ಅಂದೆ. ಅವಳು ಏನಿಲ್ಲ ಅಂದಳು. ನಾನು ಫೋನನ್ನು ಕಿತ್ತುಕೊಂಡೆ. ಯಾವುದೋ ಗುಂಪಿಗೆ ಯಾರೋ ಕಳಿಸಿದ್ದ ಮೆಸೇಜು: ದಿಂಬಂ ಘಾಟಿಯಲ್ಲಿ ಬಸ್ಸು ಉರುಳಿದೆ. ಜೊತೆಗೊಂದು ಫೋಟೋ, ಮಸುಕು ಮಸುಕು. ತಿರುವಿನ ಗೋಡೆ, ಜನ, ಮಗುಚಿದ ಏನೋ ಒಂದು.

ಆಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಕೇಳಿಸಲಿಲ್ಲ. ಆ ಘಾಟಿಯ ಒಂದೊಂದು ತಿರುವೂ ನನಗೆ ಗೊತ್ತು. ಯಾವ ತಿರುವಿನಲ್ಲಿ ಗೋಡೆ ಒಡೆದಿದೆ, ಎಲ್ಲಿಂದ ಕೆಳಗೆ ನೋಡಿದರೆ ತಳ ಕಾಣುವುದಿಲ್ಲ ಅನ್ನುವುದೆಲ್ಲ ಗೊತ್ತು. ಮುಂದಿನ ಸೀಟೇ ಸಿಕ್ಕಿತು ಅಂದಿದ್ದರಲ್ಲ ಅಪ್ಪ, ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ನಾನು ಎದ್ದು ಹೊರಗೆ ಓಡಿದೆ. ಗೆಳತಿಯೂ ಅವಳ ತಾಯಿಯೂ ಹಿಂದೆಯೇ ಬಂದರು. ವರಾಂಡದ ಮೆಟ್ಟಿಲ ಮೇಲೆ ಕುಳಿತು ಅಪ್ಪನ ನಂಬರನ್ನು ಒತ್ತುತ್ತಲೇ ಇದ್ದೆ. ಗೆಳತಿಯ ತಾಯಿ ಪಕ್ಕದಲ್ಲಿ ಕುಳಿತು ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಒಳಗೆ ಮೈಕಿನಲ್ಲಿ ನನ್ನ ಹೆಸರು ಕೂಗಿದ್ದು ಕೇಳಿಸಿತು. ಮತ್ತೊಂದು ಸಲ ಕೂಗಿದರು. ಪ್ರತಿನಿಧಿ ಹೊರಗೆ ಬಂದು ನೋಡಿ, ವಿಷಯ ತಿಳಿದು ಒಳಗೆ ಓಡಿದ. ಮೈಕು ಸುಮ್ಮನಾಯಿತು. ಮೇಡಂ ಹೊರಗೆ ಬಂದರು. "ಅಲ್ಲಿ ನನಗೆ ಗೊತ್ತಿದ್ದವರೊಬ್ಬರಿದ್ದಾರೆ, ಕೇಳುತ್ತೇನೆ" ಅನ್ನುತ್ತ ತಮ್ಮ ಫೋನನ್ನು ಕಿವಿಗಿಟ್ಟುಕೊಂಡರು. ಅವರಿಗೂ ಯಾರೂ ಸಿಗಲಿಲ್ಲ. ಅಜ್ಜಿ ಬರುತ್ತೇನೆಂದಾಗ ನಾನು ಖುಷಿಯಿಂದ ಬಾ ಅನ್ನಲೇ ಇಲ್ಲವಲ್ಲ ಅನ್ನುವುದೊಂದೇ ಯೋಚನೆ.

ಆಗ ಫೋನು ಬಂತು. ಯಾವುದೋ ಗೊತ್ತಿಲ್ಲದ ನಂಬರು.

"ಅಲೋ, ಮಗಾ, ಕೇಳ್ತಾ ಅದಾ?"

ಅಪ್ಪನ ದನಿ.

"ಅಲೋ? ನನ್ ಫೋನ್ನಲ್ಲಿ ಚಾರ್ಜು ಓಯ್ತು ಕಣವ್ವ. ಟೀ ಅಂಗಡಿಯವರ್ದು ಇಸ್ಕೊಂಡು ಮಾತಾಡ್ತಿವ್ನಿ. ದಿಂಬದಲ್ಲೇ ಕುಂತಿವಿ. ಮುಂದ್ಗಡೆ ತಿರುವ್ನಲ್ಲಿ ಕಬ್ಬಿನ ಲಾರಿ ಮಗುಚ್ಕೊಂಡದೆ. ಬಸ್ಸು ಓಗಂಗಿಲ್ಲ."

"ಬಸ್ಸಿಗೇನೂ ಆಗಿಲ್ವಾ ಅಪ್ಪಾ?"

"ಬಸ್ಸಿಗ್ಯಾಕಾದದು? ಸುಮ್ಕೆ ನಿಂತದೆ. ಲಾರಿ ಡ್ರೈವರ್‌ಗೂ ಏನೂ ಆಗ್ನಿಲ್ಲ, ಮೊಣಕಾಲು ತರಚ್ಕೊಂಡದೆ ಅಷ್ಟೆಯ. ಯಾಕ್ ಅಳ್ತಿದ್ದೀಯೆ? ಅಳ್ಬ್ಯಾಡ. ತಡ ಆಯ್ತದೆ ಅಂತ ಅಳ್ತಿದ್ದೀಯಾ?"

ತಡವಾಗುತ್ತದೆ ಅಂತ! ನಾನು ಅಳುತ್ತಲೇ ನಗತೊಡಗಿದೆ. ಗೆಳತಿಯ ತಾಯಿಗೆ ಕನ್ನಡ ಒಂದಕ್ಷರ ಬರದು, ಆದರೂ ನನ್ನ ನಗು ಕೇಳಿದ್ದೇ ಅವರು ಆಕಾಶಕ್ಕೆ ಕೈ ಮುಗಿದು ಬಿಟ್ಟರು. ಮೇಡಂ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

"ನಿಮ್ಮವ್ವಂಗೆ ಯೋಳ್ಬ್ಯಾಡ, ಸುಮ್ಕೆ ಗಾಬ್ರಿಯಾಯ್ತಳೆ" ಅಂದರು ಅಪ್ಪ. ಆಮೇಲೆ ದನಿ ತಗ್ಗಿಸಿ, "ಮಗಾ, ನಾವು ಬರೋದು ಮಧ್ಯಾನ ಆಗ್ಬೋದು. ಅಷ್ಟೊತ್ಗೆ ಎಲ್ಲ ಮುಗುದೋಯ್ತದೆ ಅಲ್ವಾ?" ಅಂದರು.

"ಮುಗಿದ್ರೆ ಮುಗೀಲಿ. ನೀವು ನಿಧಾನಕ್ಕೆ ಬನ್ನಿ" ಅಂದೆ. ಅಷ್ಟು ಮನಃಪೂರ್ವಕವಾಗಿ ನಾನು ಇನ್ಯಾವ ಮಾತನ್ನೂ ಆಡಿದ ನೆನಪಿಲ್ಲ.

ಕಾರ್ಯಕ್ರಮ ಮುಂದುವರಿಯಿತು. ಗೆಳತಿಯ ತಾಯಿ, ಬೇಕಾದರೆ ನಿನಗೂ ನಾನೇ ಹೊದಿಸುತ್ತೇನೆ ಅಂದರು. ನಾನು ಅವರ ಕಾಲು ಮುಟ್ಟಿ, ನಮ್ಮವರು ಬರುತ್ತಾರೆ, ಕಾಯುತ್ತೇನೆ ಅಂದೆ. ಒಳಗೆ ಹೋಗಿ ಕುಳಿತು ಉಳಿದವರದ್ದನ್ನೆಲ್ಲ ನೋಡಿದೆ. ಅದಕ್ಕೆ ಮೊದಲು ಬಂದವರಲ್ಲಿ ಒಬ್ಬರ ಬಟ್ಟೆಯ ಬಣ್ಣವೂ ನನಗೆ ನೆನಪಿಲ್ಲ. ಆಮೇಲಿನದೆಲ್ಲ ನಿಚ್ಚಳವಾಗಿ ನೆನಪಿದೆ. ಮಧುರೆಯ ಹುಡುಗನ ತಾಯಿ ತಮ್ಮ ಭಾಷೆಯಲ್ಲಿ ಏನೋ ಹೇಳಲು ಹೋಗಿ ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಹಿಡಿದರು. ಮಣಿಪುರದ ಚಿಕ್ಕಪ್ಪ ಎರಡೇ ಶಬ್ದ ಹೇಳಿ ಹುಡುಗನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಬಡಗರ ಅಜ್ಜಿಯೊಬ್ಬರು ಮಾತಾಡಿದ್ದು ಅರ್ಧಕ್ಕರ್ಧ ನನಗೆ ಅರ್ಥವಾಯಿತು. ನಮ್ಮ ಕನ್ನಡವೇ ಬೇರೆ ಬೆಟ್ಟ ಹತ್ತಿ ಕುಳಿತ ಹಾಗಿತ್ತು. ಎದೆಯಲ್ಲಿ ಭಾರವಿಲ್ಲದಾಗ ಮನುಷ್ಯನಿಗೆ ಎಷ್ಟೆಲ್ಲ ಕೇಳಿಸುತ್ತದೆ!

ಊಟವೂ ಮುಗಿಯುತ್ತ ಬಂತು. ನಾನು ಉಣ್ಣದೆ ಗೇಟಿನ ಬಳಿ ನಿಂತಿದ್ದೆ. ಬಿಸಿಲು ನೆತ್ತಿಯಿಂದ ಇಳಿದಿತ್ತು. ಕೊನೆಗೂ ಒಂದು ಆಟೋ ಬಂದು ನಿಂತಿತು. ಮೊದಲು ಇಳಿದದ್ದು ಒಂದು ಕಬ್ಬಿನ ಜಲ್ಲೆ. ಅದರ ಹಿಂದೆ ಅಜ್ಜಿ. ಆಮೇಲೆ ಅಪ್ಪ.

ಅಜ್ಜಿಯ ಸೀರೆಯ ಅಂಚೆಲ್ಲ ಕೆಂಪು ಮಣ್ಣಾಗಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ನಾನು ಓಡಿ ಹೋಗಿ ತಬ್ಬಿಕೊಂಡೆ. "ಬುಡೇ, ಬುಡೇ, ಕಬ್ಬು ಚುಚ್ತದೆ" ಅಂದಳು.

"ಇದೇನಜ್ಜಿ ಕಬ್ಬು?"

"ದಾರಿ ತುಂಬ ಬಿದ್ದಿತ್ತು ಕಣ. ಆನೆ ಬರಕ್ ಮುಂಚೆ ಎತ್ಕೊಂಡೋಗಿ ಅಂತ ಡ್ರೈವರೇ ಅಂದ. ಆನೆಗೂ ಬುಟ್ಟು, ನಾನೂ ಒಂದ್ ತಕಂಡೆ."

ಗೇಟಿನಿಂದ ವಿಭಾಗದವರೆಗೆ ನಡೆಯುತ್ತ ಅಪ್ಪ ನಡೆದದ್ದನ್ನು ಹೇಳಿದರು. ಲಾರಿ ಅಡ್ಡ ಬಿದ್ದು ಮೇಲಿನ ಬಸ್ಸು ಮೇಲೆ, ಕೆಳಗಿನ ಬಸ್ಸು ಕೆಳಗೆ ನಿಂತಿತ್ತು. ಪಕ್ಕದಲ್ಲಿ ಮನುಷ್ಯರು ನುಸುಳುವಷ್ಟು ಜಾಗ ಮಾತ್ರ. ಕೊನೆಗೆ ಎರಡೂ ಬಸ್ಸಿನವರು ಮಾತಾಡಿಕೊಂಡು ಜನರನ್ನು ಅದಲು ಬದಲು ಮಾಡಿಕೊಳ್ಳುವುದು ಅಂತ ಒಪ್ಪಿದರು. ಕೆಳಗಿನ ಬಸ್ಸು ನಾಲ್ಕಾರು ತಿರುವು ಆಚೆ ನಿಂತಿತ್ತು. ಅರಣ್ಯದ ಗಾರ್ಡು ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಎಲ್ಲರೂ ಗುಂಪಾಗಿ ನಡೆದರು. ಅಪ್ಪ ಅಜ್ಜಿಗೆ ವಾಪಸು ಹೋಗೋಣ ಅಂತ ಹೇಳಿದರಂತೆ. ಅಜ್ಜಿ ಕೇಳಲಿಲ್ಲ. "ಕೂಸು ಕಾಯ್ತಾ ನಿಂತಿರ್ತದೆ ಕಣ್ಲಾ, ನಡಿ" ಅಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮುಂದೆ ನಡೆದಳಂತೆ.

"ಇಷ್ಟ್ ವರ್ಸ ಆ ದಾರೀಲಿ ಓಡಾಡಿವ್ನಿ, ಕಣ್ಮುಚ್ಕೊಂಡೇ ಕುಂತಿರ್ತಿದ್ದೆ, ವಾಂತಿ ಬತ್ತದೆ ಅಂತ" ಅಂದಳು ಅಜ್ಜಿ. "ಇವತ್ತೇ ಕಣ ನೋಡಿದ್ದು. ಏನ್ ಚೆಂದಾಗದೆ ಗೊತ್ತಾ?"

ಆಗ ನನಗೆ ಅವರ ಕೈ ಬರಿದಾಗಿರುವುದು ಕಾಣಿಸಿತು. "ಬ್ಯಾಗೆಲ್ಲಿ?"

ಅಪ್ಪ ನಿಂತರು. ಅಜ್ಜಿಯ ಮುಖ ನೋಡಿದರು. ಅಜ್ಜಿ ಕಬ್ಬಿನ ಮುಖ ನೋಡಿದಳು. ಲಾರಿ ಡ್ರೈವರು ಬೆಳಗಿನಿಂದ ಏನೂ ತಿಂದಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದನಂತೆ. ಅಜ್ಜಿ ಬಸ್ಸಿಗೆ ವಾಪಸು ಹತ್ತಿ, ಬ್ಯಾಗಿನಿಂದ ರೊಟ್ಟಿ ಗಂಟು ತೆಗೆದು ಅವನಿಗೆ ಕೊಡಲು ಇಳಿದವಳು ಬ್ಯಾಗನ್ನು ಸೀಟಿನ ಮೇಲೆಯೇ ಬಿಟ್ಟಿದ್ದಳು. ರೇಷ್ಮೆ ಶಲ್ಯ ಅದರೊಳಗಿತ್ತು. ಆ ಬಸ್ಸು ಅಷ್ಟು ಹೊತ್ತಿಗಾಗಲೇ ಕೆಳಗಿನ ಜನರನ್ನು ತುಂಬಿಕೊಂಡು ಬೆಟ್ಟದ ಮೇಲಕ್ಕೆ ಹೊರಟುಹೋಗಿತ್ತು.

"ಅಯ್ಯೋ, ಬಟ್ಟೆ ಓಯ್ತಲ್ಲವ್ವ" ಅಂದರು ಅಪ್ಪ. ಅವರ ಮುಖ ಸಣ್ಣದಾಯಿತು. ನನಗೆ ಬೇಸರ ಬರಲೇ ಇಲ್ಲ. ಬಟ್ಟೆ ಹೋಗಿ ಮನುಷ್ಯರು ಬಂದಿದ್ದರು. ಆ ಬೆಳಿಗ್ಗೆ ಅದರ ಉಲ್ಟಾ ಆಗಿದೆ ಅಂತ ಒಂದು ಗಳಿಗೆ ನಂಬಿದ್ದವಳು ನಾನು.

ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಹಿಂದಿನ ಪರದೆಯನ್ನೂ ಬಿಚ್ಚಿಯಾಗಿತ್ತು. ಆದರೆ ಮೇಡಂ ಹೋಗಿರಲಿಲ್ಲ. ಗೆಳತಿ, ಅವಳ ತಾಯಿ, ಬಡಗರ ಮನೆಯವರು, ಮಣಿಪುರದ ಚಿಕ್ಕಪ್ಪ, ಪ್ರತಿನಿಧಿ, ಅವನ ತಂದೆ, ಹೀಗೆ ಸುಮಾರು ಜನ ವರಾಂಡದಲ್ಲೇ ಮಾತಾಡುತ್ತ ಉಳಿದಿದ್ದರು. ಬೆಳಗಿನ ಗಾಬರಿಯನ್ನು ಕಂಡಿದ್ದವರಿಗೆ ಅಜ್ಜಿಯನ್ನು ಕಣ್ಣಾರೆ ನೋಡದೆ ಹೋಗಲು ಮನಸ್ಸಾಗಿರಲಿಲ್ಲ. ಅಜ್ಜಿ ಬಂದದ್ದೇ ಎಲ್ಲರೂ ಎದ್ದು ನಿಂತರು.

ಗೆಳತಿಯ ತಾಯಿ ಮುಂದೆ ಬಂದು ಕೈ ಮುಗಿದರು. ನಾನು ಅನುವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವರ ಕೈ ಹಿಡಿದು ತಮಿಳಿನಲ್ಲಿ ಶುರು ಮಾಡಿಬಿಟ್ಟಳು. ಯಾವ ಊರು, ಎಷ್ಟು ಮಕ್ಕಳು, ನಿಮ್ಮ ಕಡೆ ಮಳೆ ಹೇಗೆ, ಊಟ ಆಯಿತೇ? ಚೌಕಾಸಿಯ ಸಂತೆ ತಮಿಳು, ಜೋರು, ನಿರಾಳ. ನಾನು ಬೆರಗಾಗಿ ನಿಂತೆ. ಮನೆಯಲ್ಲಿ ಅವಳು ತಮಿಳು ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಕೇಳಿದಾಗ, "ಸತ್ಯಮಂಗ್ಲದ ಸಂತೇಲಿ ರಾಗಿ, ಹುರುಳಿ ಮಾರ್ತಿದ್ದವಳು ಯಾರು ಅನ್ಕಂಡಿದ್ದೀಯ?" ಅಂದಳು.

ಪ್ರತಿನಿಧಿ ಹತ್ತಿರ ಬಂದು, ಪಾಪ, ಅದೇ ಪ್ರಶ್ನೆಯನ್ನು ಅವಳಿಗೂ ಕೇಳಿದ: "ಅಜ್ಜೀ, ನೀವು ಕರ್ನಾಟಕದವರೋ, ತಮಿಳುನಾಡಿನವರೋ?"

ಅಜ್ಜಿಗೆ ಅದು ಚುಚ್ಚಲೇ ಇಲ್ಲ. "ನಾವು ಮಲೆಯೋರಪ್ಪ" ಅಂದಳು. "ಸಂತೆಗೆ ಈ ಕಡೆಗಿಳೀತೀವಿ, ಹೆಣ್ಣು ತರಕೆ ಆ ಕಡೆಗೋಯ್ತೀವಿ. ಇರೋದು ಮಲೆ ಮೇಲೆ." ಅರ್ಧ ತಮಿಳು, ಅರ್ಧ ಕನ್ನಡ. ಅವನಿಗೆ ಪೂರ್ತಿ ಅರ್ಥವಾಯಿತು. ಓ ಅಂತ ತಲೆಯಾಡಿಸಿ, "ಹಾಗಾದರೆ ತಾಳವಾಡಿ ಅಂತಲೇ ಕೂಗುತ್ತೇನೆ" ಅಂದ. ಅಷ್ಟೇ. ಬಯಲಿಗೆ ಬಂದಾಗಿನಿಂದ ನನ್ನನ್ನು ಚುಚ್ಚುತ್ತಿದ್ದದ್ದು ಒಂದು ಉಸಿರಿನಲ್ಲಿ ಮುಗಿದುಹೋಯಿತು.

ಮೈಕು ಇರಲಿಲ್ಲ. ಅವನು ಕೈಯನ್ನೇ ಬಾಯಿಗೆ ಕೊಳವೆ ಮಾಡಿಕೊಂಡು ನನ್ನ ಹೆಸರನ್ನೂ "ತಾಳವಾಡಿ ಮಲೆ" ಅನ್ನುವುದನ್ನೂ ಕೂಗಿದ. ನಾನು ವರಾಂಡದ ನಡುವೆ ಹೋಗಿ ನಿಂತೆ. ಅಜ್ಜಿ ನನ್ನೆದುರು ನಿಂತಳು. ಕೈಯಲ್ಲಿ ಬಟ್ಟೆ ಇಲ್ಲ. ಒಂದು ಕ್ಷಣ ಆ ಕಡೆ ಈ ಕಡೆ ನೋಡಿ, ಹಿಂತಿರುಗಿ, ಅಪ್ಪನ ಹೆಗಲ ಮೇಲಿದ್ದ ಟವಲ್ಲನ್ನು ಸರಕ್ಕನೆ ಎಳೆದುಕೊಂಡಳು.

"ಅವ್ವಾ, ಬ್ಯಾಡ, ಬೆವರು ಕಣವ್ವ ಅದು" ಅಂತ ಅಪ್ಪ ನಾಚಿಕೊಂಡು ಕೈ ಚಾಚಿದರು.

"ನಿನ್ ಬೆವರೇ ಅಲ್ವೇನ್ಲಾ, ಇನ್ಯಾರ್ದೋ ಅಲ್ವಲ್ಲ" ಅಂತ ಅಜ್ಜಿ ಅದನ್ನು ಒಂದು ಸಲ ಕೊಡವಿದಳು. ದಿಂಬದ ಧೂಳು ಹಾರಿತು. ನನ್ನ ಹೆಗಲಿಗೆ ಹೊದಿಸಿ, ಎರಡೂ ತುದಿಯನ್ನು ಎದೆಯ ಮೇಲೆ ಎಳೆದು ಸರಿಮಾಡಿದಳು. ಟವಲ್ಲು ಬೆವರಿನ, ಬಸ್ಸಿನ, ಹೊಲದ ವಾಸನೆ ಹೊಡೆಯುತ್ತಿತ್ತು. ಆಮೇಲೆ ಸೊಂಟದ ಚೀಲದಿಂದ ಚಿಟಿಕೆ ವಿಭೂತಿ ತೆಗೆದು ನನ್ನ ಹಣೆಗೆ ಹಚ್ಚಿ, ನನಗೊಬ್ಬಳಿಗೇ ಹೇಳುವ ಹಾಗೆ, ಕನ್ನಡದಲ್ಲೇ ಅಂದಳು:

"ಓದ್ಬುಟ್ಟೆ ಕೂಸೇ, ಗೆದ್ಬುಟ್ಟೆ. ಇನ್ನು ಎಲ್ಲಾದ್ರೂ ಇರು, ತಣ್ಣಗಿರು. ಮಾದಪ್ಪ ಕಾಯ್ಲಿ."

ಯಾರೂ ನನ್ನನ್ನು ಅನುವಾದ ಮಾಡು ಅನ್ನಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಪ್ರತಿನಿಧಿಯ ತಂದೆಯ ಹೆಗಲ ಮೇಲೂ ಅಂಥದ್ದೇ ಒಂದು ಟವಲ್ಲು ಇತ್ತು. ಅವರು ಅದನ್ನೊಮ್ಮೆ ಮುಟ್ಟಿಕೊಂಡು, ಅಪ್ಪನನ್ನು ನೋಡಿ ನಕ್ಕರು. ಅಪ್ಪನೂ ನಕ್ಕರು. ಚಪ್ಪಾಳೆ ಬಂದದ್ದು ಆಮೇಲೆ. ಮಣಿಪುರದ ಹುಡುಗ ಎಲ್ಲಿಂದಲೋ ಒಂದು ಕತ್ತಿ ತಂದ. ಅಜ್ಜಿಯ ಕಬ್ಬು ತುಂಡು ತುಂಡಾಗಿ ಎಲ್ಲರ ಕೈಗೂ ಬಂತು. ಪದವಿ ಪಡೆಯುವವರೂ ಪಾಠ ಹೇಳಿದವರೂ ಸಾಲಾಗಿ ಕಟ್ಟೆಯ ಮೇಲೆ ಕುಳಿತು ಕಬ್ಬು ಸಿಗಿದು ತಿಂದರು.

ಅಡುಗೆಯವರು ನಮಗಾಗಿ ಅನ್ನ, ಸಾಂಬಾರು, ಒಂದಿಷ್ಟು ಪಾಯಸ ತೆಗೆದಿರಿಸಿದ್ದರು. ಅರ್ಧ ಉಂಡಿದ್ದೆವು, ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅವ್ವ. ಎತ್ತಿದರೆ ಬರೀ ಅಳು.

"ಅವ್ವಾ, ಯಾಕವ್ವಾ?"

"ಬ್ಯಾಗ್ ಬಂತು ಕಣೇ... ಕಂಡಕ್ಟ್ರು ಸ್ಟಾಪ್ನಲ್ಲಿ ಕೊಟ್ಟೋದ್ನಂತೆ, ಪಕ್ಕದಟ್ಟಿಯೋರು ತಂದ್ಕೊಟ್ರು... ಬ್ಯಾಗೊಂದೇ ಬಂದದೆ. ಅಪ್ಪನ್ ಫೋನು ಓಯ್ತಿಲ್ಲ. ಅವ್ರೆಲ್ಲೇ? ಏನಾಯ್ತೇ?"

ನಾನು ತಲೆ ಚಚ್ಚಿಕೊಂಡೆ. ಅಪ್ಪ ಹೇಳಬೇಡ ಅಂದಿದ್ದಕ್ಕೆ ನಾನು ಹೇಳಿರಲಿಲ್ಲ. ಇಲ್ಲಿ ನಾವೆಲ್ಲ ಕಬ್ಬು ತಿನ್ನುತ್ತಿದ್ದಾಗ ಅವ್ವ ಅಲ್ಲಿ ಆ ಬ್ಯಾಗನ್ನು ಮುಂದಿಟ್ಟುಕೊಂಡು, ಬೆಳಿಗ್ಗೆ ನಾನಿದ್ದ ಹಾಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. "ಎಲ್ಲಾ ಚೆನ್ನಾಗವ್ರೆ ಅವ್ವ, ನನ್ ಮುಂದೇನೇ ಉಣ್ತಾ ಅವ್ರೆ" ಅಂತ ಕೂಗಿ ಫೋನನ್ನು ಅಜ್ಜಿಯ ಕಿವಿಗೆ ಹಿಡಿದೆ.

"ಏನೇ? ಬ್ಯಾಗು ಅಟ್ಟಿಗೋಯ್ತಾ? ಒಳ್ಳೇದಾಯ್ತು ಬುಡು" ಅಂದಳು ಅಜ್ಜಿ, ಬಾಯಲ್ಲಿ ಅನ್ನವಿದ್ದಂತೆಯೇ. "ನಾವ್ ಬಂದೂ ಆಯ್ತು, ಕೂಸ್ಗೆ ಬಟ್ಟೆ ಒದ್ಸೂ ಆಯ್ತು, ಉಣ್ತಾ ಕುಂತಿವಿ. ನೀನುಂಡ್ಯಾ? ಅಳ್ತಾ ಕೂರ್ಬ್ಯಾಡ, ಓಗಿ ಉಣ್ಣು."

ಆ ಕಡೆ ಅವ್ವ ಅಳು ನಿಲ್ಲಿಸಿ ಅಪ್ಪನನ್ನು ಬಯ್ಯತೊಡಗಿದಳು. ಫೋನು ಚಾರ್ಜು ಮಾಡಿಕೊಂಡು ಹೊರಡಲು ಏನಾಗಿತ್ತು, ಒಂದು ಮಾತು ಹೇಳಲು ಏನಾಗಿತ್ತು ಅಂತ. ದನಿ ನಮ್ಮೆಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು. ಅಪ್ಪ ತಲೆ ತಗ್ಗಿಸಿ ಪಾಯಸ ಉಣ್ಣುತ್ತಿದ್ದರು. ಆ ಬೈಗುಳ ಕೇಳುವುದು ಎಷ್ಟು ಹಿತವಾಗಿತ್ತೆಂದರೆ, ಇನ್ನೂ ಸ್ವಲ್ಪ ಬಯ್ಯಲಿ ಅನ್ನಿಸಿತು.

ಆ ಹೊತ್ತಿಗೆ ಹೊರಟರೆ, ಕಾಡುಪ್ರಾಣಿಗಳಿಗಾಗಿ ರಾತ್ರಿ ಘಾಟಿ ಮುಚ್ಚುವ ಮೊದಲು ಬೆಟ್ಟ ಹತ್ತಲಾಗುತ್ತಿರಲಿಲ್ಲ. ಗೆಳತಿಯ ತಾಯಿ ತಮ್ಮ ಲಾಡ್ಜಿನಲ್ಲೇ ಪಕ್ಕದ ಕೋಣೆ ಮಾಡಿಸಿದರು. ಅಪ್ಪ ಮೊದಲು ಫೋನನ್ನು ಚಾರ್ಜಿಗೆ ಹಾಕಿದರು. ಅಜ್ಜಿಯೂ ಗೆಳತಿಯ ತಾಯಿಯೂ ಮಂಚದ ಮೇಲೆ ಎದುರು ಬದುರು ಕುಳಿತು, ಎಲೆಗೆ ಸುಣ್ಣ ಸವರಿಕೊಳ್ಳುತ್ತ, ಬಸುರಿ ಬಾಣಂತಿಯರ ಮಾತಿಗೆ ಇಳಿದಿದ್ದರು. ಒಬ್ಬರದು ತಂಜಾವೂರಿನ ತಮಿಳು, ಇನ್ನೊಬ್ಬರದು ಸಂತೆಯ ತಮಿಳು, ನಡುವೆ ಕನ್ನಡ. ಯಾರೂ ಯಾರನ್ನೂ ಏನಂದಿರಿ ಅಂತ ಕೇಳುತ್ತಿರಲಿಲ್ಲ. ನಾನು ಸುಮ್ಮನೆ ಐದು ನಿಮಿಷ ಕಾಲು ಚಾಚೋಣ ಅಂತ ಚಾಪೆಯ ಮೇಲೆ ಒರಗಿದೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವರ ಮಾತು ಕೇಳುತ್ತ ಕೇಳುತ್ತಲೇ ನಿದ್ದೆ ಬಂತು.